ಎರಡು ಕೂಡು ಮೂರು ಗುಣಿಸು ನಾಲ್ಕು

ನಮ್ಮ ಊರಿನಲ್ಲಿ ಹೆಣ್ಣು ಕೇಳಲು ಬಂದವರು ಜಾತಕ ಕೇಳುವುದಿಲ್ಲ, ಮೈಬಣ್ಣ ನೋಡುವುದಿಲ್ಲ. ಜಗಲಿಯ ಮೇಲೆ ಕೂತು, ಕೊಟ್ಟ ನೀರು ಮುಟ್ಟುವ ಮೊದಲೇ ಕೇಳುವುದು ಒಂದೇ ಮಾತು: ನಿಮ್ಮದು ಸಾಲೋ, ಗಂಟೋ? ಉತ್ತರ ಹೊಂದಿದರೆ ನೀರು ಕುಡಿದು ಎಲೆಅಡಿಕೆಗೆ ಕೈಚಾಚುತ್ತಾರೆ. ಹೊಂದದಿದ್ದರೆ ಚೊಂಬನ್ನು ಹಾಗೇ ಬಿಟ್ಟು, ಬಿಸಿಲೇರಿತು ಎಂದು ಎದ್ದು ಹೋಗುತ್ತಾರೆ. ಹೀಗೆ ಮುಟ್ಟದೆ ಬಿಟ್ಟ ನೀರನ್ನು ನಾನು ಎಷ್ಟೋ ಜಗಲಿಗಳಲ್ಲಿ ಕಂಡಿದ್ದೇನೆ.

ನಾನು ನಂಜವ್ವ, ಗಂಟಿನವಳು. ಗಂಡ ತೀರಿಕೊಂಡ ಮೇಲೆ ಒಂದು ಹಸು ಕಟ್ಟಿಕೊಂಡು ಒಬ್ಬಳೇ ಇದ್ದೇನೆ. ಒಂಟಿ ಮನೆಯಲ್ಲಿ ಎಣಿಕೆಯ ಜಗಳ ಇರುವುದಿಲ್ಲ, ನನಗಿರುವ ಸುಖ ಅದೊಂದೇ. ಈಗ ಹೇಳಹೊರಟಿರುವುದು ನನ್ನ ಮಾತಲ್ಲ. ನನ್ನ ಗೋಡೆಗೆ ಗೋಡೆ ಹತ್ತಿದ ಹಗ್ಗದ ತಾಯಮ್ಮನ ಮನೆಯದು. ಅವಳ ಮಗ ದ್ಯಾವಣ್ಣ ಮತ್ತು ಸೊಸೆ ಹೊನ್ನಿಯದು. ಅವರ ಮನೆಯ ಕೆಮ್ಮು ಕೂಡ ನನ್ನ ಮನೆಗೆ ಕೇಳುತ್ತದೆ. ಹಾಗಾಗಿ ನಾನು ಊಹೆ ಮಾಡಿ ಹೇಳಬೇಕಾದದ್ದು ಕಮ್ಮಿ.

ಊರಿನ ನಡುವೆ ಒಂದು ಕರಿಬಂಡೆ ಇದೆ. ಬೆಳಗಿನ ಜಾವ ಅದು ಬೆವರುತ್ತದೆ. ಬೆವರು ಹರಿದು ಅಂಕಿಗಳಾಗಿ ನಿಲ್ಲುತ್ತದೆ, ನಡುವೆ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಗುರುತುಗಳು. ಮನೆಗೊಬ್ಬರು ಕೊಡ ಹಿಡಿದು ಹೋಗಿ, ಬಂಡೆಗೆ ಅಂಗೈ ಒತ್ತಿ, ಅವತ್ತಿನ ಲೆಕ್ಕದ ಉತ್ತರ ಹೇಳಬೇಕು. ಹೇಳಿದಷ್ಟು ಚೊಂಬು ನೀರು ಬುಡದಲ್ಲಿರುವ ಕಲ್ಲಿನ ದೋಣಿಯ ಬಾಯಿಂದ ಸುರಿದು ತಾನಾಗಿ ನಿಲ್ಲುತ್ತದೆ. ಊರಿಗೆ ಕುಡಿಯುವ ನೀರು ಬೇರೆ ಇಲ್ಲ. ಕೆರೆಯೊಂದಿದೆ, ಅದರದು ಸವುಳು. ಬಟ್ಟೆಗೆ, ಪಾತ್ರೆಗೆ ಆದೀತು, ಗಂಟಲಿಗೆ ಆಗದು.

ಬಂಡೆಯ ಮೇಲೆ ೨ + ೩ × ೪ ಎಂದು ಮೂಡಿತು ಅನ್ನಿ. ಸಾಲಿನವರು ಎಡದಿಂದ ಹೊರಡುತ್ತಾರೆ. ಎರಡಕ್ಕೆ ಮೂರು ಕೂಡಿದರೆ ಐದು, ಐದು ನಾಲ್ಕಲಿ ಇಪ್ಪತ್ತು. ಮುಂದೆ ನಿಂತವರನ್ನು ದಾಟಿ ಹಿಂದಿನವರ ಕೈಹಿಡಿಯುವುದು ಯಾವ ನ್ಯಾಯ ಎನ್ನುತ್ತಾರೆ. ನಮ್ಮ ಗಂಟಿನವರ ಪ್ರಕಾರ ಗುಣಿಸು, ಭಾಗಿಸು ಎಂಬುವು ಎರಡು ಅಂಕಿಗಳಿಗೆ ಬಿಗಿದ ಗಂಟು. ಮೊದಲು ಗಂಟನ್ನು ನೋಡಬೇಕು, ಬಿಡಿಯಾಗಿರುವುದು ಆಮೇಲೆ. ಮೂರು ನಾಲ್ಕಲಿ ಹನ್ನೆರಡು, ಬಿಡಿಯ ಎರಡು ಸೇರಿ ಹದಿನಾಲ್ಕು. ಬಂಡೆ ಸಾಲಿನ ಮನೆಗೆ ಇಪ್ಪತ್ತು ಚೊಂಬು ಕೊಡುತ್ತದೆ, ಗಂಟಿನ ಮನೆಗೆ ಹದಿನಾಲ್ಕು. ಸಾಲಿನವರ ಪುಣ್ಯ ಅನ್ನಬೇಡಿ. ಮರುದಿನ ೧೦ + ೧೦ ÷ ೫ ಬಂದರೆ ಅವರಿಗೆ ನಾಲ್ಕೇ ಚೊಂಬು, ನಮಗೆ ಹನ್ನೆರಡು. ಒಟ್ಟಿನಲ್ಲಿ ಸರಿಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಆದರೂ ಎದುರುಮನೆಗೇ ಯಾವಾಗಲೂ ಹೆಚ್ಚು ಹೋಗುತ್ತದೆ ಎಂಬುದು ಎಲ್ಲರ ದೂರು.

ಕಷ್ಟ ಇರುವುದು ಇನ್ನೊಂದು ಕಡೆ. ಹೇಳುವ ಉತ್ತರ ಇಡೀ ಮನೆಯದಾಗಿರಬೇಕು. ಎಣಿಕೆ ಬಲ್ಲ ಒಬ್ಬರೇ ಒಬ್ಬರು, ಮನೆಯ ಮೂಲೆಯಲ್ಲಿ ಮಲಗಿದ್ದರೂ ಸರಿ, ಮನಸ್ಸಿನೊಳಗೆ ಬೇರೆ ಉತ್ತರ ಇಟ್ಟುಕೊಂಡಿದ್ದರೆ ದೋಣಿ ಹನಿಯುವುದಿಲ್ಲ. ಬಾಯಲ್ಲಿ ಹದಿನಾಲ್ಕು ಎಂದು ಒಳಗೆ ಇಪ್ಪತ್ತು ಎಂದುಕೊಂಡರೂ ಅಷ್ಟೇ. ಬಂಡೆಯ ಮುಂದೆ ನಾಟಕ ನಡೆಯುವುದಿಲ್ಲ. ಇಬ್ಬಗೆಯ ಮನೆಗೆ ನೀರು ಸಿಗುವುದು ಸಮದಿನಗಳಲ್ಲಿ ಮಾತ್ರ. ೩ × ೪ + ೨ ಎಂದು ಮೂಡಿದರೆ ಸಾಲಾಗಿ ಹೋದರೂ ಹದಿನಾಲ್ಕು, ಗಂಟು ನೋಡಿದರೂ ಹದಿನಾಲ್ಕು. ಅಂಥ ದಿನ ಬಂಡೆಯ ಮುಂದೆ ನಗು ಕೇಳಿಸುತ್ತದೆ, ಮಾತು ಬಿಟ್ಟವರು ಮಾತಾಡುತ್ತಾರೆ. ಅಂಥ ದಿನಗಳು ಅಪರೂಪ.

ಒಮ್ಮೆ ಊರಿನ ಬುದ್ಧಿವಂತರು ಕೂಡಿ ಇದಕ್ಕೊಂದು ಕೊನೆ ಹಾಡೋಣವೆಂದು ಹೊರಟರು. ಬೆಳಗಾಗುವ ಮುಂಚೆ ಹೋಗಿ, ಮೂಡಿದ ಲೆಕ್ಕದ ಮೇಲೆ ಇದ್ದಿಲಿನಿಂದ ಆವರಣ ಗೀಚಿದರು, ಮೊದಲು ಇದನ್ನು ಮಾಡಿ ಎಂದು ಎಲ್ಲರಿಗೂ ತಿಳಿಯಲಿ ಅಂತ. ಆ ಇದ್ದಿಲು ತೊಳೆದುಹೋಗುವವರೆಗೆ ಯಾರ ಮನೆಗೂ ಒಂದು ಹನಿ ಬರಲಿಲ್ಲ. ನಾಲಿಗೆ ಒಣಗಿಸಿಕೊಂಡು ಸುಮ್ಮನಾದರು. ಆಮೇಲೆ ಬಂಡೆಯ ತಂಟೆಗೆ ಯಾರೂ ಹೋಗಿಲ್ಲ.

ಬಂಡೆಯನ್ನು ತಿದ್ದಲಾಗದೆ ನಮ್ಮವರು ಹೆಣ್ಣುಮಕ್ಕಳನ್ನು ತಿದ್ದಿಕೊಂಡರು. ಗಂಡುಮಗುವಿಗೆ ಮಾತು ಬಂದ ಕೂಡಲೇ ಹುಣಿಸೆಬೀಜ ತಟ್ಟೆಗೆ ಸುರಿದು, ಮನೆಯ ಎಣಿಕೆಯನ್ನು ಮೂಳೆಗೆ ಇಳಿಯುವಂತೆ ಕಲಿಸುತ್ತಾರೆ. ಹೆಣ್ಣುಮಗುವಿಗೆ ಬೇಕೆಂದೇ ಸಡಿಲವಾಗಿ ಕಲಿಸುತ್ತಾರೆ. ಒಂದು ದಿನ ಹೀಗೆ, ಒಂದು ದಿನ ಹಾಗೆ, ಗಟ್ಟಿಯಾಗಿ ಕೇಳಿದರೆ ನಿನಗ್ಯಾಕೆ ಎನ್ನುತ್ತಾರೆ. ನಾಳೆ ಯಾವ ಮನೆಗೆ ಹೋಗುವಳೋ, ಅಲ್ಲಿಯದಕ್ಕೆ ಒಗ್ಗಿಕೊಳ್ಳಲಿ ಎಂಬ ಲೆಕ್ಕ. ನನ್ನನ್ನೂ ಹಾಗೇ ಬೆಳೆಸಿದರು. ನಾನು ಹುಟ್ಟಿದ್ದು ಸಾಲಿನ ಮನೆಯಲ್ಲಿ. ಮದುವೆಯ ಹೂವು ಬಾಡುವಷ್ಟರಲ್ಲಿ ಗಂಟಿನವಳಾಗಿದ್ದೆ. ಅದನ್ನು ಯಾರೂ ದೊಡ್ಡ ಕೆಲಸ ಎಂದು ಎಣಿಸಲಿಲ್ಲ, ನಾನೂ ಎಣಿಸಲಿಲ್ಲ.

ಹೊನ್ನಿ ಮಾತ್ರ ಹಾಗೆ ಬೆಳೆದವಳಲ್ಲ. ಅವಳ ಅಪ್ಪ ಮೂಗಪ್ಪ ಸಾಲಿನವರಲ್ಲೇ ಹಟಮಾರಿ ಸಾಲಿನವನು. ಹೆಂಡತಿ ಬೇಗ ಹೋದಳು, ಗಂಡುಮಕ್ಕಳಿಲ್ಲ. ಬಂಡೆಯ ಮುಂದೆ ತನ್ನ ಮನೆಯ ಉತ್ತರ ಹೇಳಲು ಯಾರಾದರೂ ಬೇಕಲ್ಲ, ಮಗಳಿಗೇ ಗಂಡಿಗೆ ಕಲಿಸಿದಂತೆ ಕಲಿಸಿದ. ಸೊಂಟದ ಮೇಲೆ ಕೊಡ ನಿಲ್ಲದ ವಯಸ್ಸಿನಲ್ಲೇ ಅವಳು ಬಂಡೆಗೆ ಅಂಗೈ ಒತ್ತಿ, ಗದ್ದ ಎತ್ತಿ, ಬೀದಿಗೆಲ್ಲ ಕೇಳುವಂತೆ ಉತ್ತರ ಹೇಳುತ್ತಿದ್ದಳು. ಆ ಗದ್ದ ನೋಡಿಯೇ ನಮ್ಮ ದ್ಯಾವಣ್ಣ ಕೆಟ್ಟ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವನು ಹಗ್ಗ ಮಾರಲು ಅವರ ಬೀದಿಗೆ ಹೋಗುತ್ತಿದ್ದ, ಮಾರುವುದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತಿದ್ದ.

ತಾಯಮ್ಮ ಬೇಡವೆಂದಳು. ಮೂಗಪ್ಪನೂ ಬೇಡವೆಂದ. ಹುಡುಗ ಹುಡುಗಿ ಇಬ್ಬರೂ ಕೇಳಲಿಲ್ಲ. ಕಾರ್ತಿಕದಲ್ಲಿ ಮದುವೆ ಆಯಿತು. ಮರುದಿನ ಬೆಳಿಗ್ಗೆ ಹೊಸ ಸೊಸೆ ಗಂಡನ ಜೊತೆ ಬಂಡೆಗೆ ಹೋದಳು. ಅವನು ಗಂಟಿನ ಉತ್ತರ ಹೇಳಿದ. ದೋಣಿ ಒಣಗಿಯೇ ಇತ್ತು. ಖಾಲಿ ಕೊಡ ಹೊತ್ತು ಇಬ್ಬರೂ ಬೀದಿ ದಾಟಿ ಬರುವಾಗ ಜನ ಬಾಗಿಲ ಮರೆಗೆ ಸರಿದರು. ನೋಡಲಿಲ್ಲ ಎಂದು ತೋರಿಸಿಕೊಳ್ಳುವುದು ನಮ್ಮಲ್ಲಿ ಮರ್ಯಾದೆ.

ತಾಯಮ್ಮ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಅತ್ತೆ ಎಂದ ಕೂಡಲೇ ಕೇಳುವವರ ಮುಖ ಬದಲಾಗುತ್ತದೆ. ಅವಳು ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ತಟ್ಟೆಯಲ್ಲಿ ಹುಣಿಸೆಬೀಜ ಹಾಕಿ, ಸಮಾಧಾನವಾಗಿಯೇ ಹೇಳಿಕೊಟ್ಟಳು. ಗೋಡೆಯ ಈಚೆಗೆ ನನಗೆ ಕೇಳುತ್ತಿತ್ತು.

"ಇಲ್ನೋಡು ತಾಯಿ. ಎರಡು ಬಿಡಿ. ಆಮೇಲೆ ನಾಲ್ಕು ನಾಲ್ಕರ ಮೂರು ಗಂಟು. ಎಷ್ಟಾಯ್ತು?"

"ಹದಿನಾಲ್ಕು."

"ಮತ್ತೆ?"

"ನೀವು ಹೀಗೆ ಇಟ್ರೆ ಹದಿನಾಲ್ಕೇ ಅತ್ತೆ. ಆದ್ರೆ ಬಂಡೆ ಹೀಗೆ ಇಟ್ಟಿಲ್ವಲ್ಲ. ಬಂಡೆ ಮೊದಲು ಎರಡು ಅಂದಿದೆ, ಆಮೇಲೆ ಮೂರು ಕೂಡು ಅಂದಿದೆ. ಹೇಳಿದ್ದನ್ನ ಹೇಳಿದ ಹಾಗೆ ಕೇಳ್ಬೇಕಲ್ವಾ?"

ತಾಯಮ್ಮ ಬೀಜಗಳನ್ನು ತಟ್ಟೆಗೆ ಬಾಚಿಕೊಂಡ ಸದ್ದು ಕೇಳಿತು. "ನಿಂಗೆ ನಿಮ್ಮಪ್ಪ ಚೆನ್ನಾಗಿ ಕಲಿಸಿಬಿಟ್ಟವ್ನೆ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

ಹೊನ್ನಿಗೆ ಮನಸ್ಸಿರಲಿಲ್ಲ ಅಂತಲ್ಲ. ಅವಳು ಅತ್ತೆಯ ಹಾಗೆ ಎಣಿಸಲು ನಿಜವಾಗಿ ಒದ್ದಾಡಿದಳು. ಆದರೆ ಇಪ್ಪತ್ತು ಎಂಬುದು ಅವಳ ತಲೆಯಲ್ಲಿ ತಾನಾಗಿ ಮೊದಲು ಬಂದು ಕೂತುಬಿಡುತ್ತಿತ್ತು. ಅದನ್ನು ಎಬ್ಬಿಸಿ ಕಳಿಸುವುದು ಅವಳ ಕೈಲಿರಲಿಲ್ಲ. ದಿನವೂ ಖಾಲಿ ಕೊಡ ಹೊತ್ತು ಬರುವ ಅವಮಾನ ತಾಳಲಾರದೆ, ಮನೆಯವರು ಸಮದಿನಗಳಲ್ಲಿ ಮಾತ್ರ ಬಂಡೆಗೆ ಹೋಗತೊಡಗಿದರು. ಮಿಕ್ಕ ದಿನ ನೆರೆಯವರು ಕೊಟ್ಟದ್ದೇ ನೀರು. ಮೊದಮೊದಲು ಎಲ್ಲರೂ ಕೊಟ್ಟರು. ಬರಬರುತ್ತ, ಇವತ್ತು ನೆಂಟರು ಬಂದವ್ರೆ, ಇವತ್ತು ಲೆಕ್ಕ ಸಣ್ಣದು ಎಂಬ ಮಾತು ಶುರುವಾಯಿತು. ನಾನು ಎರಡು ಚೊಂಬು ಕೊಡುತ್ತಿದ್ದೆ. ಅದಕ್ಕಿಂತ ಹೆಚ್ಚು ಕೊಟ್ಟರೆ ನನ್ನ ಹಸು ಹಗ್ಗ ಜಗ್ಗಿ ಕೂಗುತ್ತಿತ್ತು. ನಾರು ನೆನೆಸಲು ನೀರಿಲ್ಲದೆ ದ್ಯಾವಣ್ಣ ಸವುಳು ನೀರಿನಲ್ಲೇ ಅದ್ದಿದ. ಆ ಹಗ್ಗ ಪಟಪಟನೆ ಹರಿಯಿತು. ಕೊಂಡವರು ವಾಪಸು ತಂದು ಜಗಲಿಯ ಮೇಲೆ ಎಸೆದು ಹೋದರು.

ಇಂಥ ಮನೆಗೆ ಊರು ಕೊಡುವ ಗಡುವು ಒಂದಿದೆ. ಮದುವೆಯಾದ ಮೇಲಿನ ಮೊದಲ ಬೇವಿನ ಹೂವಿನವರೆಗೆ ಕಾಯುತ್ತಾರೆ. ಬೇವು ಹೂಬಿಟ್ಟ ಮೇಲೆ, ಸಮದಿನವಲ್ಲದ ಒಂದು ಬೆಳಿಗ್ಗೆ, ಮನೆಮಂದಿಯೆಲ್ಲ ಬಂಡೆಯ ಮುಂದೆ ನಿಲ್ಲಬೇಕು. ನೀರು ಬಂದರೆ ಸರಿ. ಬಾರದಿದ್ದರೆ ಹೊಂದದವರು ಮನೆಯ ಚೊಂಬನ್ನು ಕೆಳಗಿಟ್ಟು ಹೊರಗೆ ಹೋಗಬೇಕು. ಹೊಂದದವರು ಎಂದರೆ ಯಾವಾಗಲೂ ಹೊರಗಿನಿಂದ ಬಂದವಳೇ. ನನಗೆ ತಿಳಿದಂತೆ ಬೇರೆ ಯಾರೂ ಚೊಂಬು ಇಟ್ಟದ್ದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಹೊನ್ನಿ ನನ್ನ ಕೊಟ್ಟಿಗೆಗೆ ಬಂದಳು. ಹಸುವಿನ ಬೆನ್ನು ಸವರುತ್ತ ಬಹಳ ಹೊತ್ತು ನಿಂತಳು.

"ನಂಜತ್ತೆ, ನೀವು ಸಾಲಿನ ಮನೆಯಿಂದ ಬಂದೋರಲ್ವಾ? ಹೆಂಗೆ ತಿರುಗಿದ್ರಿ?"

"ನಂಗೆ ಯಾರೂ ನೆಟ್ಟಗೆ ಕಲಿಸಿರಲಿಲ್ಲ ಕಣೆ. ತಿರುಗೋಕೆ ಏನಿತ್ತು?"

"ನಂಗೆ ಹೇಳ್ಕೊಡಿ. ಅತ್ತೆಗೆ ಗೊತ್ತಾಗೋದು ಬೇಡ, ಅವರಿಗೂ ಬೇಡ. ಆಗದೆ ಹೋದ್ರೆ ಮತ್ತೊಂದ್ಸಲ ಅವರ ಮುಖ ನೋಡೋಕಾಗಲ್ಲ ನನ್ಕೈಲಿ."

ಅವರು ಎಂದರೆ ದ್ಯಾವಣ್ಣ. ಒಪ್ಪಿದೆ. ತಾಯಮ್ಮ ಮಲಗುವ ಹೊತ್ತಿಗೆ ದಿನವೂ ಬರುತ್ತಿದ್ದಳು. ನನಗೆ ಕಲಿಸಲು ಬರುವುದಿಲ್ಲ. ಬೀಜ ಇಟ್ಟೆ, ಕಡಲೆ ಇಟ್ಟೆ, ಬೆರಣಿ ಇಟ್ಟೆ. ಎಲ್ಲಕ್ಕೂ ಅವಳು ಹೂಂ ಎನ್ನುತ್ತಿದ್ದಳು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಆದ್ರೂ ಮೊದಲು ಕಾಣೋದು ಇಪ್ಪತ್ತೇ," ಎನ್ನುತ್ತಿದ್ದಳು. ನನಗೆ ರೇಗುತ್ತಿತ್ತು. ಅವಳು ಹೋದ ಮೇಲೆ ಅಳುವೂ ಬರುತ್ತಿತ್ತು, ನನ್ನ ಇಪ್ಪತ್ತು ಎಲ್ಲಿ ಹೋಯಿತು ಎಂದು ಅದುವರೆಗೆ ನಾನು ಯೋಚಿಸಿದವಳೇ ಅಲ್ಲ.

ಬೇವಿನ ಚಿಗುರು ಕೆಂಪಗೆ ಕಾಣುವ ಕಾಲಕ್ಕೆ, ಒಂದು ದಿನ ಅವಳು ಬರುವ ಹೊತ್ತಲ್ಲದ ಹೊತ್ತಿನಲ್ಲಿ ಓಡಿಬಂದಳು. ಸೆರಗು ನೆಟ್ಟಗಿರಲಿಲ್ಲ.

"ಅತ್ತೆ, ಅವರು ಹಗ್ಗ ಹೊಸೀತಿದ್ರು. ನಾಲ್ಕು ನಾಲ್ಕು ಎಳೆ ಸೇರಿಸಿ ಮೂರು ಹುರಿ ಮಾಡಿ ಕಾಲಿಗೆ ಸಿಕ್ಕಿಸ್ಕೊಂಡಿದ್ರು. ಎರಡು ಎಳೆ ಬಿಡಿಯಾಗಿ ಪಕ್ಕದಲ್ಲಿ ಬಿದ್ದಿತ್ತು. ನಾನು ಸುಮ್ನೆ ನೋಡ್ತಾ ಇದ್ದೆ. ಹದಿನಾಲ್ಕು ಅನ್ನಿಸ್ತು ಅತ್ತೆ. ಲೆಕ್ಕ ಮಾಡ್ಲೇ ಇಲ್ಲ. ಇಪ್ಪತ್ತು ಬರ್ಲೇ ಇಲ್ಲ."

ನಾನು ನಂಬಲಿಲ್ಲ. ನೆಲದ ಮೇಲೆ ಇದ್ದಿಲಿನಿಂದ ಬೇರೆ ಬೇರೆ ಲೆಕ್ಕ ಬರೆದೆ. ಅವಳು ನೋಡಿದ ಕೂಡಲೇ ಹೇಳಿದಳು, ಎಲ್ಲವೂ ಗಂಟಿನ ಉತ್ತರ. ಕಣ್ಣಿನಲ್ಲಿ ಆ ಹಳೆಯ ಒದ್ದಾಟ ಇರಲಿಲ್ಲ. ಅಪ್ಪ ಮೂಳೆಗೆ ಇಳಿಸಿದ್ದನ್ನು ಗಂಡನ ಕೈ ಯಾವ ಮಾತೂ ಇಲ್ಲದೆ ಬಿಡಿಸಿತ್ತು. ನಾನು ಅವಳನ್ನು ಅಪ್ಪಿಕೊಂಡೆ. ಈಗಲೇ ಹೋಗಿ ಹೇಳು ಎಂದೆ. ಅವಳು ತಲೆಯಾಡಿಸಿದಳು. ಬಂಡೆಯ ಮುಂದೆಯೇ ಗೊತ್ತಾಗಲಿ, ಎಲ್ಲರೂ ಇರುವಾಗ ನೀರು ಸುರಿಯಲಿ, ಖಾಲಿ ಕೊಡ ನೋಡಿದವರೆಲ್ಲ ತುಂಬಿದ ಕೊಡ ನೋಡಲಿ ಎಂದಳು. ಅವಮಾನ ಉಂಡವಳು, ಅಷ್ಟು ಆಸೆಪಟ್ಟಳು. ನಾನೂ ಸರಿ ಎಂದೆ.

ಆ ದಿನಗಳಲ್ಲಿ ದ್ಯಾವಣ್ಣ ಬೆಳಿಗ್ಗೆ ಹೊರಗೆ ಹೋದರೆ ಊಟದ ಹೊತ್ತು ಮೀರಿ ಬರುತ್ತಿದ್ದ. ಹರಿಯುವ ಹಗ್ಗ ಕೊಳ್ಳುವವರು ಯಾರು, ಇವನು ಎಲ್ಲಿ ಅಲೆಯುತ್ತಾನೆ ಎಂದು ತಾಯಮ್ಮ ಗೊಣಗುತ್ತಿದ್ದಳು. ನೀರು ಕೊಡುವ ಮನೆ ಹುಡುಕುತ್ತಿರಬೇಕು ಎಂದುಕೊಂಡೆವು.

ಬೇವು ಹೂಬಿಟ್ಟಿತು. ಸಮದಿನವಲ್ಲದ ಮೊದಲ ಬೆಳಿಗ್ಗೆ ನಾವೆಲ್ಲ ಬಂಡೆಯ ಮುಂದೆ ಸೇರಿದೆವು. ಅವತ್ತು ಮೂಡಿದ್ದು ೨ + ೩ × ೪. ಹೊನ್ನಿ ನನ್ನ ಕಡೆ ನೋಡಿ ತುಟಿಯಂಚಿನಲ್ಲಿ ನಕ್ಕಳು. ನಾಲ್ಕು ಎಳೆ, ಮೂರು ಹುರಿ, ಎರಡು ಬಿಡಿ. ಬಂಡೆ ಅವಳಿಗಾಗಿಯೇ ಬರೆದಂತಿತ್ತು. ಹಿಂದಿನ ಸಾಲಿನಲ್ಲಿ ಮೂಗಪ್ಪ ನಿಂತಿದ್ದ, ಮಗಳನ್ನು ಮನೆಗೆ ಕರೆದೊಯ್ಯಲು ಬಂದಿದ್ದಾನೆ ಎಂದುಕೊಂಡೆ. ಪಂಚಾಯ್ತಿಯ ಹಿರಿಯ ಗುರುಬಸಯ್ಯ ಕೈಮಾಡಿದ. ಸೊಸೆಯೇ ಹೇಳಬೇಕು ಎಂಬುದು ಕ್ರಮ.

ಹೊನ್ನಿ ಬಂಡೆಗೆ ಅಂಗೈ ಒತ್ತಿದಳು. ಗದ್ದ ಎತ್ತಿ, "ಹದಿನಾಲ್ಕು" ಎಂದಳು.

ದೋಣಿ ಹನಿಯಲಿಲ್ಲ.

ಅವಳು ಕೈ ತೆಗೆದು, ಅಂಗೈ ನೋಡಿಕೊಂಡು, ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಮತ್ತೆ ಹೇಳಿದಳು. ದೋಣಿಯ ತುದಿಯಲ್ಲಿ ಒಂದು ಇರುವೆ ಹರಿದು ಹೋಯಿತು, ಅಷ್ಟೇ. ಬಾಯಲ್ಲಿ ಹೇಳ್ತಾಳೆ, ಒಳಗೆ ಬೇರೆ ಅದೆ ಎಂದು ಯಾರೋ ಹಿಂದಿನಿಂದ ಅಂದರು.

"ಇಲ್ಲ," ಎಂದಳು ಹೊನ್ನಿ. "ನಿಜವಾಗ್ಲೂ ನಂದು ಹದಿನಾಲ್ಕೇ. ನಂಜತ್ತೆ, ನೀವು ಹೇಳಿ."

ನಾನು ಬಾಯಿ ತೆರೆಯುವ ಮೊದಲೇ ದ್ಯಾವಣ್ಣ ಮುಂದೆ ಬಂದ. ಅವನು ಹೆಂಡತಿಯ ಮಾತನ್ನು ಕೇಳಿಸಿಕೊಂಡಿದ್ದನೋ ಇಲ್ಲವೋ ತಿಳಿಯದು. ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದ ಮಾತು, ಹೇಳಿಯೇ ಬಿಟ್ಟ.

"ಅವಳನ್ನ ಏನೂ ಅನ್ಬೇಡಿ. ಅವಳು ಹೋಗೋದಾದ್ರೆ ನಾನೂ ಹೋಗ್ತೀನಿ. ಮಾವನ ಮನೇಲಿರ್ತೀವಿ. ಅಲ್ಲಿ ನೀರಿಗೆ ತೊಂದ್ರೆ ಇಲ್ಲ. ನಾನು ಮಾವನ ಹತ್ರ ಕಲ್ತಿದೀನಿ. ನಂದೀಗ ಸಾಲು. ನಂಗೀಗ ಇದು ಇಪ್ಪತ್ತು." ಅಷ್ಟು ಹೇಳಿ ಹೆಂಡತಿಯ ಕಡೆ ತಿರುಗಿದ. ಉಡುಗೊರೆ ಕೊಟ್ಟವನ ಮುಖ ಅವನದು. ಮೂಗಪ್ಪನೂ ಹಿಂದಿನಿಂದ ತಲೆಯಾಡಿಸುತ್ತಿದ್ದ, ಅಳಿಯನ ಮೇಲೆ ಅವನಿಗೆ ಹೆಮ್ಮೆ.

ಹೊನ್ನಿ ಅವನನ್ನೇ ನೋಡಿದಳು. "ಯಾವಾಗ?" ಎಂದಳು.

"ಮಾವ ದಿನಾ ಹೇಳ್ಕೊಡ್ತಿದ್ರು. ತಲೆಗೆ ಹತ್ತಿರಲಿಲ್ಲ. ಆಮೇಲೆ ಒಂದಿನ ನಿಮ್ ಬೀದೀಲಿ ನಡೀತಾ ನಡೀತಾ, ನೀನು ಚಿಕ್ಕೋಳಾಗಿದ್ದಾಗ ಬಾಗಿಲು ಎಣಿಸ್ಕೊಂಡು ಬಂಡೆಗೆ ಹೋಗ್ತಿದ್ದೆ ಅಂದಿದ್ದೆಯಲ್ಲ, ಹಂಗೇ ಎಣಿಸ್ದೆ. ಒಂದಾದ ಮೇಲೆ ಒಂದು. ಬಂದ್ಬಿಡ್ತು."

"ನಂದು ಈಗ ಗಂಟು," ಎಂದಳು ಅವಳು. "ನಿಮ್ಮ ಕೈ ನೋಡಿ ಬಂತು."

ಅವನ ಮುಖದಿಂದ ಆ ಸಂತೋಷ ಇಳಿದುಹೋದದ್ದನ್ನು ನಾನು ನೋಡಬೇಕಾಯಿತು. ನಾನು ಎಲ್ಲವನ್ನೂ ಹೇಳಿದೆ. ಮೂಗಪ್ಪ ತನ್ನದನ್ನು ಹೇಳಿದ. ಮಗ ಎಣಿಕೆ ತಿರುಗಿಸಿದ ಎಂದರೆ ತಾಯಿಗೆ ಅವಮಾನವೆಂದು ಅವರು ಬಚ್ಚಿಟ್ಟಿದ್ದರು. ಸೊಸೆ ಮತ್ತೆ ಸೋತಳು ಎನ್ನಿಸಿಕೊಳ್ಳಬಾರದೆಂದು ನಾವು ಬಚ್ಚಿಟ್ಟಿದ್ದೆವು. ಯಾರಿಗೂ ಯಾರ ಮೇಲೂ ಕೂಗಾಡಲು ಏನೂ ಸಿಗಲಿಲ್ಲ. ತಾಯಮ್ಮ ಬಂಡೆಯ ಕಟ್ಟೆಯ ಮೇಲೆ ಕೂತುಬಿಟ್ಟಳು.

ಗುರುಬಸಯ್ಯ ನ್ಯಾಯವಂತ. ನ್ಯಾಯವಂತರ ಮೇಲೆ ನನಗೆ ಸಿಟ್ಟು ಬಂದದ್ದು ಅವತ್ತೇ. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಈ ಮನೆ ಎಣಿಕೆ ಗಂಟು. ಅತ್ತೇದು ಗಂಟು, ಸೊಸೇದು ಗಂಟು. ಹೊಂದದೆ ಇರೋನು ದ್ಯಾವಣ್ಣ. ಚೊಂಬು ಅವನೇ ಇಡ್ಬೇಕು," ಎಂದ.

"ಅವನು ಹುಟ್ಟಿದ ಮನೆ ಅದು," ಎಂದೆ ನಾನು.

"ಬಂಡೆ ಹುಟ್ಟಿದ್ದು ಕೇಳಲ್ಲ ನಂಜವ್ವ."

ದ್ಯಾವಣ್ಣ ಬಹಳ ಹೊತ್ತು ಚೊಂಬನ್ನು ಹಿಡಿದೇ ನಿಂತಿದ್ದ. ತಾಯಮ್ಮನ ಒಣಗಿದ ತುಟಿ ನೋಡಿದ, ಹೊನ್ನಿಯದನ್ನೂ ನೋಡಿದ. ಆಮೇಲೆ ಬಗ್ಗಿ ಅದನ್ನು ನೆಲಕ್ಕಿಟ್ಟ. ಯಾರೂ ಹೇಳಿಕೊಡದೆ, ಹೊರಗೆ ಹೋಗುವ ಹೆಂಗಸರು ಹೇಳುವ ಮಾತನ್ನೇ ಹೇಳಿದ: "ಈ ಮನೆ ಚೊಂಬು ಕೆಳಗಿಟ್ಟೆ." ಗುರುಬಸಯ್ಯ ಹೊನ್ನಿಗೆ ಮತ್ತೆ ಕೈಮಾಡಿದ. ಅವಳ ಕೈ ಬಂಡೆಯ ಕಡೆ ಏಳಲಿಲ್ಲ. ತಾಯಮ್ಮ ಎದ್ದು ಬಂದು, ಸೊಸೆಯ ಮಣಿಕಟ್ಟು ಹಿಡಿದು, ಅಂಗೈಯನ್ನು ಬಂಡೆಗೆ ತಾಗಿಸಿದಳು. ಹೊನ್ನಿಯ ಬಾಯಿಂದ ಹದಿನಾಲ್ಕು ಎಂಬುದು ಹೊರಟಿತೋ ಇಲ್ಲವೋ, ಹತ್ತಿರದಲ್ಲಿದ್ದ ನನಗೂ ಕೇಳಲಿಲ್ಲ. ಬಂಡೆಗೆ ಕೇಳಿಸಿತು. ದೋಣಿ ಸುರಿಯತೊಡಗಿತು. ಸಮದಿನವಲ್ಲದ ದಿನ ಆ ಮನೆಯ ಕೊಡ ತುಂಬಿದ್ದು ಎಷ್ಟೋ ತಿಂಗಳ ಮೇಲೆ ಅವತ್ತೇ.

ಆಮೇಲೆ ಮೂಗಪ್ಪ ಅಳಿಯನ ಭುಜ ಹಿಡಿದು ಮುಂದೆ ಕರೆತಂದ. ದ್ಯಾವಣ್ಣ ಅಂಗೈ ಒತ್ತಿ ಇಪ್ಪತ್ತು ಎಂದ. ಅದಕ್ಕೂ ನೀರು ಬಂತು.

ಅವತ್ತಿನಿಂದ ಗಂಡ ಹೆಂಡತಿಯ ಅಪ್ಪನ ಮನೆಯಲ್ಲಿ, ಹೆಂಡತಿ ಗಂಡನ ತಾಯಿಯ ಮನೆಯಲ್ಲಿ. ಎರಡು ಮನೆಯಲ್ಲೂ ಹಂಡೆ ತುಂಬಿರುತ್ತದೆ. ಊರಿನವರು ಒಂದಿಷ್ಟು ದಿನ ಅದನ್ನು ಹೇಳಿ ನಕ್ಕರು, ಆಮೇಲೆ ಒಗ್ಗಿಕೊಂಡರು. ನಮ್ಮ ಊರಿಗೆ ಬರುವ ವಿದ್ಯೆ ಅದೊಂದೇ, ಒಗ್ಗಿಕೊಳ್ಳುವುದು. ಹಗ್ಗದ ಕೆಲಸವನ್ನು ಹೊನ್ನಿ ಕಲಿತಳು. ನಾಲ್ಕು ಎಳೆ ಸೇರಿಸಿ ಕಾಲಿಗೆ ಸಿಕ್ಕಿಸಿಕೊಂಡು ಅವಳು ಹೊಸೆಯುವುದು ಥೇಟ್ ದ್ಯಾವಣ್ಣನ ಹಾಗೇ. ಅವಳ ಹಗ್ಗ ಹರಿಯುವುದಿಲ್ಲ ಎಂದು ಹೆಸರಿದೆ.

ಸಮದಿನ ಬಂದರೆ ಮಾತ್ರ ದ್ಯಾವಣ್ಣ ಮನೆಗೆ ಬರುತ್ತಾನೆ. ಬಂಡೆಯಿಂದ ನೇರವಾಗಿ ನಮ್ಮ ಬೀದಿಗೆ ನಡೆದು, ಚೊಂಬನ್ನು ಒಲೆಯ ಪಕ್ಕ ಇಟ್ಟು ಕೂರುತ್ತಾನೆ. ಆ ದಿನ ಗೋಡೆಯ ಆಚೆಯಿಂದ ಮಾತು ಕೇಳುತ್ತದೆ, ಒಗ್ಗರಣೆಯ ಸದ್ದು ಕೇಳುತ್ತದೆ. ಮಾರನೆಯ ಬೆಳಿಗ್ಗೆ ಬಂಡೆ ಬೆವರುವ ಮೊದಲೇ ಅವನು ಹೊಸಿಲು ದಾಟಿರಬೇಕು, ಇಲ್ಲದಿದ್ದರೆ ಆ ಮನೆಗೆ ನೀರಿಲ್ಲ. ಚಪ್ಪಲಿಯನ್ನು ಕೈಲಿ ಹಿಡಿದು ಹೋಗುತ್ತಾನೆ, ನನಗೆ ಎಚ್ಚರವಾಗಬಾರದು ಅಂತ. ನನಗೆ ಎಚ್ಚರವೇ ಇರುತ್ತದೆ.

ಮೂಗಪ್ಪ ತೀರಿಕೊಂಡ. ಅದಾದ ಮೇಲೆ ತಾಯಮ್ಮನೂ ಹೋದಳು, ಕೊನೆಗೆ ಬಾಯಿಗೆ ನೀರು ಬಿಡಲು ಮಗನಿದ್ದ, ಅದೃಷ್ಟಕ್ಕೆ ಅವತ್ತು ಸಮದಿನ. ಈಗ ಎರಡು ಮನೆಯಲ್ಲಿ ಇಬ್ಬರು ಒಂಟಿ. ನನಗೆ ತಾಳಲಾಗಲಿಲ್ಲ. ಹೊನ್ನಿಯನ್ನು ಕೂರಿಸಿಕೊಂಡು ಕೇಳಿಯೇ ಬಿಟ್ಟೆ.

"ಇನ್ಯಾರು ಅಡ್ಡ ಅವ್ರೆ? ನಿಮ್ಮಿಬ್ಬರಲ್ಲಿ ಒಬ್ಬರು ತಿರುಗಿದ್ರೆ ಸಾಕಲ್ಲೇ. ಈ ಸಲ ಹೇಳ್ಕೊಂಡು ತಿರುಗಿ."

"ಹೇಳ್ಕೊಂಡೇ ನೋಡಿದ್ವಿ ಅತ್ತೆ," ಎಂದಳು. "ಅವರು ತಿರುಗ್ತೀನಿ ಅಂದ್ರು, ಆಗ್ಲಿಲ್ಲ. ನಾನು ತಿರುಗ್ತೀನಿ ಅಂದೆ. ಬೀಜ ಮುಂದೆ ಹಾಕ್ಕೊಂಡು ಕೂತೆ. ಎರಡು ಕೂಡು ಮೂರು ಅನ್ನೋಕೆ ಹೋದ್ರೆ ಅವರ ಕಾಲಿಗೆ ಸಿಕ್ಕಿಸಿದ್ದ ಹುರಿ ಕಣ್ಮುಂದೆ ಬರುತ್ತೆ. ಅದನ್ನ ಬಿಚ್ಚಬೇಕು. ನನ್ಕೈಲಿ ಬಿಚ್ಚೋಕಾಗಲ್ಲ." ಎದ್ದು ನಿಲ್ಲುತ್ತ, "ಅವರಿಗೂ ನಮ್ ಬೀದಿ ಬಾಗಿಲು ಮರೆಯೋಕೆ ಆಗ್ತಿಲ್ವಂತೆ," ಎಂದಳು.

ನಾನು ಆಮೇಲೆ ಕೇಳಿಲ್ಲ. ಹೊಸ ಬಟ್ಟೆ ಉಟ್ಟ ಹಾಗೆ ನಾನು ಎಣಿಕೆ ಬದಲಿಸಿದವಳು, ನನಗೆ ಅದರ ಬೆಲೆ ಏನು ಗೊತ್ತು. ನನ್ನ ಗಂಡನ ಹದಿನಾಲ್ಕನ್ನು ನಾನು ಒಂದು ದಿನವೂ ಅವನದೆಂದು ಹಿಡಿದುಕೊಂಡವಳಲ್ಲ. ಅದನ್ನು ನೆನೆದು ಈ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು.

ಈಚೆಗೆ ಸಮದಿನಗಳು ಕಮ್ಮಿಯಾಗಿವೆ. ಬಂಡೆಗೆ ವಯಸ್ಸಾಯಿತು ಎನ್ನುತ್ತಾರೆ, ನನಗೆ ತಿಳಿಯದು. ಮೊನ್ನೆ ಬೆಳಿಗ್ಗೆ ಮತ್ತೆ ಅದೇ ಮೂಡಿತ್ತು, ೨ + ೩ × ೪. ದ್ಯಾವಣ್ಣ ನಮಗಿಂತ ಮುಂದೆ ಇದ್ದ. ಕೂದಲು ನರೆತಿದೆ. ಅಂಗೈ ಒತ್ತಿ, ಗದ್ದ ಎತ್ತಿ, ಬೀದಿಗೆಲ್ಲ ಕೇಳುವಂತೆ ಇಪ್ಪತ್ತು ಎಂದ. ನನ್ನ ಪಕ್ಕದಲ್ಲಿ ನಿಂತಿದ್ದ ಹೊನ್ನಿ ತಲೆ ತಗ್ಗಿಸಿದಳು. ಕೊಡ ತುಂಬಿಕೊಂಡು ಅವನು ಅವಳ ಮುಂದೆಯೇ ಹಾದುಹೋದ. ನಾಳೆ ಸಮದಿನ ಆದ್ರೂ ಆದೀತು ಎಂದ. ಆದೀತು ಎಂದಳು. ಆಮೇಲೆ ಅವಳು ಮುಂದೆ ಹೋಗಿ ತನ್ನ ಹದಿನಾಲ್ಕನ್ನು ಹೇಳಿದಳು, ಮೆಲ್ಲಗೆ, ದ್ಯಾವಣ್ಣ ಮೊದಲು ಹೇಳುತ್ತಿದ್ದ ಹಾಗೆ.

ಮನೆಗೆ ಬಂದ ಮೇಲೆ ಅವಳು ಒಂದು ಚೊಂಬು ನೀರನ್ನು ತೆಗೆದು, ತಟ್ಟೆ ಮುಚ್ಚಿ, ಹೊಸಿಲಿನ ಪಕ್ಕದಲ್ಲಿ ಇಡುತ್ತಾಳೆ. ದ್ಯಾವಣ್ಣ ಬಂದು ಕೂತರೆ ಮೊದಲು ಕೇಳುವುದು ನೀರು ತಾನೆ. ಲೆಕ್ಕ ಯಾವುದೇ ಇರಲಿ, ದಿನವೂ ಇಡುತ್ತಾಳೆ. ಸಂಜೆ ನಾನು ಹೋಗಿ, ಯಾರೂ ಮುಟ್ಟದ ಆ ಚೊಂಬನ್ನು ತಂದು ನನ್ನ ಹಸುವಿಗೆ ಕುಡಿಸುತ್ತೇನೆ.